ಆರೋಗ್ಯವಂತ ವಯಸ್ಕನ ಅಂಗೈ

ಮಾರ್ಚ್ 3

ಇವತ್ತಿನಿಂದ ನಾನು ಆರೋಗ್ಯವಂತ ವಯಸ್ಕ. ಇದು ನನ್ನ ಬಡಾಯಿ ಅಲ್ಲ, ಆಸ್ಪತ್ರೆಯವರೇ ಹಾಗೆ ಬರೆದುಕೊಂಡಿದ್ದಾರೆ.

ಇವಳಿಗೆ ಮೂರು ತಿಂಗಳಾಯಿತಲ್ಲ, ಡಾಕ್ಟರಿಗೆ ತೋರಿಸಿಕೊಂಡು ಬರೋಣವೆಂದು ಹೋದರೆ ಹೊರಗಿನ ಮೇಜಿನ ಹತ್ತಿರ ಒಬ್ಬ ಮೇಡಂ ನಮ್ಮನ್ನು ಹಿಡಿದುಕೊಂಡರು. ಗರ್ಭಿಣಿಯರ ರಕ್ತದಲ್ಲಿ ಕೆಲವು ವಿಟಮಿನ್ ಎಷ್ಟಿರುತ್ತವೆ, ಉಳಿದವರಲ್ಲಿ ಎಷ್ಟಿರುತ್ತವೆ ಎಂದು ಅಧ್ಯಯನ ಮಾಡುತ್ತಿದ್ದಾರಂತೆ. ಎ, ಸಿ, ಇ, ಜೊತೆಗೆ ಕ್ಯಾರೊಟಿನ್ ಎಂಬ ಹಳದಿ ಪದಾರ್ಥ. ಇವೆಲ್ಲ ಮೈಯೊಳಗೆ ತುಕ್ಕು ಹಿಡಿಯದ ಹಾಗೆ ಕಾಯುತ್ತವೆ ಎಂದು ವಿವರಿಸಿದರು. ಕಬ್ಬಿಣದ ಗೇಟಿಗೆ ಮೊದಲು ಹೊಡೆಯುವ ಕೆಂಪು ಪ್ರೈಮರ್ ಇದ್ದ ಹಾಗೆ ಅನ್ನಿ ಎಂದೆ. ಮೇಡಂ ಸ್ವಲ್ಪ ಯೋಚಿಸಿ, ಹೆಚ್ಚುಕಡಿಮೆ ಹಾಗೇ ಎಂದರು. ಇಷ್ಟು ವರ್ಷ ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸಿದವನಿಗೆ ಅಷ್ಟೂ ತಿಳಿಯದೆ?

ಇವಳು ಗರ್ಭಿಣಿಯರ ಗುಂಪು. ಗಂಡಂದಿರು ಹೋಲಿಕೆಗೆ. ಹೆಂಗಸರಿಗೆ ದಿನಾ ಒಂದು ಪೆಟ್ಟಿಗೆ ತರಕಾರಿ, ಹಣ್ಣು ಮನೆಗೇ ಬರುತ್ತದೆ. ಗಂಡಸರು ಮಾತ್ರ ಎಂದಿನಂತೆ ತಿನ್ನಬೇಕು, ಏನೂ ಬದಲಾಯಿಸಬಾರದು. ನನಗೆ ಇದಕ್ಕಿಂತ ಸುಲಭದ ಕೆಲಸ ಯಾರೂ ಇದುವರೆಗೆ ಕೊಟ್ಟಿರಲಿಲ್ಲ. ನನ್ನ ಊಟ ಎಂದರೆ ಚಹಾ, ಬನ್ನು, ಕರಿದದ್ದು, ಮತ್ತೆ ಚಹಾ. ಸೊಪ್ಪುಸದೆ ನೋಡಿದರೆ ಮಾರು ದೂರ ನಿಲ್ಲುವವನು ನಾನು. ಮೇಡಂ ಇಬ್ಬರಿಂದಲೂ ರಕ್ತ ತೆಗೆದು ಪುಟ್ಟ ಪುಟ್ಟ ಬಾಟಲಿಗೆ ತುಂಬಿಸಿಕೊಂಡರು. ಬಾಟಲಿ ಮೇಡಂ ಎಂದು ಹೆಸರಿಟ್ಟಿದ್ದೇನೆ. ಇವಳು ಸೂಜಿ ನೋಡಿ ನಕ್ಕಳು, ನಾನು ಗೋಡೆಯ ಬಣ್ಣ ನೋಡುತ್ತ ಕುಳಿತೆ. ಎರಡು ಕೋಟು ಹೊಡೆಯಬೇಕಾದಲ್ಲಿ ಒಂದೇ ಕೋಟು ಹೊಡೆದಿದ್ದಾರೆ, ಕಳ್ಳರು.

ಮಾರ್ಚ್ 6

ಮೊದಲ ಪೆಟ್ಟಿಗೆ ಬಂತು. ಕ್ಯಾರೆಟ್, ಕುಂಬಳಕಾಯಿ, ಪಾಲಕ್, ಎರಡು ಕಿತ್ತಳೆ, ಒಂದು ಹಿಡಿ ಬಾದಾಮಿ. ಮುಚ್ಚಳ ತೆಗೆದದ್ದೇ ತಡ, ಇವಳು ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು. ವಾಪಸ್ ಬಂದವಳು ಬಾಗಿಲಾಚೆಯಿಂದಲೇ ಅದನ್ನು ಕಣ್ಣಿಗೆ ಕಾಣದ ಕಡೆ ಇಡಿ ಎಂದಳು.

ಮಗುವಿನ ಕೋಣೆಗೆ ಬಣ್ಣ ಆರಿಸು ಎಂದು ಅಂಗಡಿಯ ಶೇಡ್ ಕಾರ್ಡ್ ತಂದುಕೊಟ್ಟಿದ್ದೆ. ಅದನ್ನೂ ನೋಡಿ ಮುಖ ಕಿವುಚಿದಳು. ಒಂದೂ ಹಿಡಿಸಲಿಲ್ಲವಂತೆ. ಇವೆಲ್ಲ ಅಂಗಡಿಯ ಬಣ್ಣ, ಮನೆಯ ಬಣ್ಣ ಅಲ್ಲ ಎಂದಳು. ಹಾಗೆಂದರೇನು ಎಂದು ಕೇಳಿದೆ. ಸಿಕ್ಕಾಗ ಹೇಳ್ತೀನಿ ಎಂದಳು. ಬಣ್ಣ ಬೆರೆಸುವವನ ಹೆಂಡತಿ ಆಡುವ ಮಾತೇ ಇದು? ಮಗು, ಕೋಣೆ ಎಲ್ಲ ಅವಳ ಖಾತೆ. ನಾನು ಡಬ್ಬಿ ತಂದುಕೊಟ್ಟು ಕೈತೊಳೆದುಕೊಳ್ಳುವವನು.

ಮಾರ್ಚ್ 9

ಪೆಟ್ಟಿಗೆಗಳು ಹಾಗೇ ಕುಳಿತಿವೆ. ಇವಳು ಒಂದು ತುಣುಕೂ ಮುಟ್ಟಿಲ್ಲ. ಬಿಸಾಡೋಣವೆಂದರೆ ಪೆಟ್ಟಿಗೆ ತರುವ ಹೆಂಗಸು ಕೆಳಗಿನ ಕಸದ ಡಬ್ಬಿಯ ಪಕ್ಕದಲ್ಲೇ ಸೈಕಲ್ ನಿಲ್ಲಿಸುತ್ತಾಳೆ. ನೋಡಿಬಿಟ್ಟರೆ ಬಾಟಲಿ ಮೇಡಂಗೆ ಹೇಳದೆ ಇರುತ್ತಾಳೆಯೇ? ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ತಿನ್ನುವುದಿಲ್ಲವೇ ಎಂದು ಇವಳನ್ನು ಎಲ್ಲರೂ ಸೇರಿ ಹಿಂಡುತ್ತಾರೆ. ಮೊದಲೇ ವಾಂತಿ ಮಾಡಿ ಮಾಡಿ ಸೋತಿದ್ದಾಳೆ.

ನಿಜ ಹೇಳಬೇಕೆಂದರೆ ನನಗೂ ಭಯ. ಅಲ್ಲಿ ಒಳಗೆ ಒಂದು ಜೀವ ಕೂತಿದೆ, ಅದಕ್ಕೆ ಸೇರಬೇಕಾದ್ದು ಇಲ್ಲಿ ಕಪಾಟಿನಲ್ಲಿ ಬಾಡುತ್ತಿದೆ. ಕಡೇಪಕ್ಷ ಈ ಮನೆಯಲ್ಲಿ ಯಾರ ಹೊಟ್ಟೆಗಾದರೂ ಹೋಗಲಿ, ವಿಟಮಿನ್ ಮನೆಯೊಳಗಾದರೂ ಇರಲಿ ಎನ್ನಿಸಿತು. ಇದರಲ್ಲಿ ತರ್ಕ ಇಲ್ಲ ಎಂದು ನನಗೂ ಗೊತ್ತು. ಕಣ್ಣು ಮುಚ್ಚಿಕೊಂಡು ಮೂರು ಕ್ಯಾರೆಟ್ ತಿಂದೆ. ಕುದುರೆಗಳ ಮೇಲೆ ಗೌರವ ಬಂತು.

ಮಾರ್ಚ್ 21

ಬಾಟಲಿ ಮೇಡಂ ಫೋನ್ ಮಾಡಿ, ಪೆಟ್ಟಿಗೆ ಖಾಲಿಯಾಗುತ್ತಿದೆಯೇ ಎಂದು ಕೇಳಿದರು. ದಿನಾ ಖಾಲಿ ಮೇಡಂ, ಒಂದು ಸಿಪ್ಪೆಯೂ ಉಳಿಯುವುದಿಲ್ಲ ಎಂದೆ. ಇದರಲ್ಲಿ ಸುಳ್ಳೇನಿದೆ? ನೀವು ಎಂದಿನಂತೆ ತಿನ್ನುತ್ತಿದ್ದೀರಿ ತಾನೆ ಎಂದೂ ಕೇಳಿದರು. ಹೂಂ ಎಂದೆ. ಎರಡು ವಾರದಿಂದ ದಿನಾ ತಿನ್ನುತ್ತಿದ್ದರೆ ಅದೂ ಎಂದಿನಂತೆಯೇ ಆಯಿತಲ್ಲ.

ಏಪ್ರಿಲ್ 4

ವಾಸನೆ ಹೊರಗೆ ಬಾರದಿರಲೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ತಿನ್ನುತ್ತೇನೆ. ಈ ಮನೆಗೆ ಬಂದಾಗಿನಿಂದ ಅಡುಗೆಮನೆಯಲ್ಲಿ ಕಿಟಕಿ ಯಾವ ಕಡೆ ಇದೆ ಎಂದು ಈಗಲೇ ಗೊತ್ತಾದದ್ದು. ಹಸಿ ಕುಂಬಳಕಾಯಿ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಬೇಯಿಸಿ, ಉಪ್ಪು, ಮೆಣಸಿನ ಪುಡಿ ಹಾಕಿ ನೋಡಿದೆ. ಪರವಾಗಿಲ್ಲ.

ಇವಳು ಬಾಗಿಲಾಚೆ ಕುರ್ಚಿ ಹಾಕಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ಕೂರುತ್ತಾಳೆ. ಒಳಗೆ ನಾನು ಕಚಕಚ ಅಗಿಯುತ್ತೇನೆ, ಹೊರಗೆ ಅವಳು ತಾನು ಕೆಲಸಕ್ಕೆ ಹೋಗುವ ಹೊಲಿಗೆ ಅಂಗಡಿಯ ಕಥೆ ಹೇಳುತ್ತಾಳೆ. ಅಲ್ಲಿ ಇವಳಲ್ಲದೆ ಇನ್ನೂ ಆರು ಜನ ಹೆಂಗಸರು ಒಂದೇ ಕೋಣೆಯಲ್ಲಿ ಕೂತು ಹೊಲಿಯುತ್ತಾರೆ. ಯಾರ ಅಳತೆ ಯಾರಿಗೆ ಹೊಲಿದುಬಿಟ್ಟರು, ಮದುವೆ ಗಂಡಿನ ಕೋಟು ಮಾವನಿಗೆ ಹೇಗೆ ಸರಿಹೋಯಿತು, ಇಂಥವು. ಇಷ್ಟು ತಮಾಷೆಯಾಗಿ ಮಾತಾಡುತ್ತಾಳೆಂದು ಗೊತ್ತಿರಲಿಲ್ಲ. ನಕ್ಕು ನಕ್ಕು ಬಾದಾಮಿ ನೆತ್ತಿಗೆ ಹತ್ತಿತು.

ಏಪ್ರಿಲ್ 26

ಪ್ಯಾಂಟಿನ ಗುಂಡಿ ಹಾಕಲು ಉಸಿರು ಎಳೆದುಕೊಳ್ಳಬೇಕು. ಒಗೆದು ಒಗೆದು ಬಟ್ಟೆ ಕುಗ್ಗಿದೆ.

ಮಧ್ಯಾಹ್ನ ಅಂಗಡಿಯಲ್ಲಿ, ಗೋಡೆಗೆ ಮೆತ್ತುವ ಪುಟ್ಟಿಯ ಚೀಲದ ಮೇಲೆ ನಿದ್ದೆ ಹೋಗಿಬಿಟ್ಟೆನಂತೆ. ಯಜಮಾನರು ಎಬ್ಬಿಸಿದರು. ಆಮೇಲೆ ಒಬ್ಬಾತ ಹಳೆಯ ತೊಟ್ಟಿಲು ಹೊತ್ತುಕೊಂಡು, ಅದಕ್ಕೆ ಬಣ್ಣ ಕೇಳಿಕೊಂಡು ಬಂದ. ತೊಟ್ಟಿಲಿನ ಕಾಲನ್ನು ನಾನು ಎಷ್ಟೊತ್ತು ಸವರುತ್ತಿದ್ದೆನೋ, ಕಣ್ಣಲ್ಲಿ ನೀರು ಬಂತು. ಪುಟ್ಟಿಯ ಧೂಳು. ಅಂಗಡಿಯಲ್ಲಿ ಧೂಳು ವಿಪರೀತ.

ಮೇ 8

ಎರಡೂ ಅಂಗೈ ಹಳದಿಯಾಗಿವೆ. ಬಿಳಿಗೆ ತೊಟ್ಟು ತೊಟ್ಟಾಗಿ ಬೆರೆಸುವ ಹಳದಿ ಸ್ಟೇನರ್ ಚೆಲ್ಲಿಕೊಂಡಿರಬೇಕು. ಥಿನ್ನರ್ ಹಾಕಿ ತಿಕ್ಕಿದೆ, ಹೋಗಲಿಲ್ಲ. ಟರ್ಪೆಂಟೈನ್ ಹಾಕಿ ತಿಕ್ಕಿದೆ, ಚರ್ಮ ಹೋಯಿತು, ಹಳದಿ ಹೋಗಲಿಲ್ಲ. ಕಂಪನಿಯವರು ಇಷ್ಟು ಗಟ್ಟಿ ಬಣ್ಣ ಗೋಡೆಗೆ ಮಾತ್ರ ಯಾಕೆ ಕೊಡುವುದಿಲ್ಲವೋ.

ಇವಳ ಚೀಲದಲ್ಲಿ ಕಿತ್ತಳೆ ಸಿಪ್ಪೆ ಸಿಕ್ಕಿತು. ದಾರಿಯಲ್ಲಿ ವಾಕರಿಕೆ ಬಂದರೆ ಮೂಸಿ ನೋಡಲು ಇಟ್ಟುಕೊಂಡಿದ್ದಾಳೆ, ಪಾಪ.

ಮೇ 20

ನನ್ನ ಮಾನ ಹರಾಜಾದ ದಿನ.

ಹೋದ ವಾರ ಹಲ್ಲಿನ ಡಾಕ್ಟರ್ ಬಂದು, ಕ್ಲಿನಿಕ್ ಗೋಡೆಗೆ ತಣ್ಣಗಿನ ಬಿಳಿ ಬೇಡ, ಒಂಚೂರು ಬೆಚ್ಚಗಿನ ಬಿಳಿ ಬೇಕು ಎಂದು ಕೇಳಿದ್ದರು. ಬಿಳಿ ಬೆರೆಸುವಾಗ ನನ್ನದೊಂದು ಪದ್ಧತಿ. ಎಡ ಅಂಗೈಗೆ ಒಂದು ಬೊಟ್ಟು ಹಚ್ಚಿ, ಬಾಗಿಲ ಬೆಳಕಿನಲ್ಲಿ ಹಿಡಿದು ನೋಡುತ್ತೇನೆ. ಶೇಡ್ ಕಾರ್ಡ್ ಮಾಸುತ್ತದೆ, ಟ್ಯೂಬ್‌ಲೈಟ್ ಸುಳ್ಳು ಹೇಳುತ್ತದೆ, ನನ್ನ ಅಂಗೈ ಮಾತ್ರ ಇದುವರೆಗೆ ಮೋಸ ಮಾಡಿರಲಿಲ್ಲ. ಬೊಟ್ಟು ನೀಲಿ ಹೊಡೆಯುತ್ತಿತ್ತು. ಒಂದು ತೊಟ್ಟು ಹಳದಿ ಹಾಕಿದೆ. ಇನ್ನೂ ನೀಲಿ. ಇನ್ನೊಂದು ತೊಟ್ಟು. ಕೊನೆಗೆ ಸರಿ ಎನ್ನಿಸಿದ ಮೇಲೆ, ಎಂದಿನಂತೆ ಮುಚ್ಚಳದ ಮೇಲೆ ಬ್ರಷ್ಷಿನಿಂದ ಹೆಸರು ಬರೆದೆ: ಬೆಚ್ಚನೆ ಬಿಳಿ. ನಾನು ಬೆರೆಸಿದ ಪ್ರತಿ ಬಣ್ಣಕ್ಕೂ ಒಂದು ಹೆಸರು ಕೊಡುತ್ತೇನೆ.

ಇವತ್ತು ಡಾಕ್ಟರ್ ಅಂಗಡಿಗೇ ನುಗ್ಗಿದರು. ಗೋಡೆ ಬೆಣ್ಣೆಯ ಬಣ್ಣಕ್ಕೆ ತಿರುಗಿದೆಯಂತೆ. ಆ ಗೋಡೆಯ ಮುಂದೆ ಎಂಥ ಹಲ್ಲೂ ಮುತ್ತಿನಂತೆ ಕಾಣುವುದರಿಂದ, ಹಲ್ಲು ಬಿಳುಪು ಮಾಡಿಸಲು ಬಂದವರೆಲ್ಲ ಕನ್ನಡಿ ನೋಡಿಕೊಂಡು ಸಂತೋಷವಾಗಿ ಮನೆಗೆ ಹೋಗುತ್ತಿದ್ದಾರಂತೆ. ಯಜಮಾನರು ನನ್ನನ್ನೇ ದಿಟ್ಟಿಸಿ ನೋಡಿ, ಬಣ್ಣ ಬೆರೆಸುವ ಯಂತ್ರ ತರಿಸೋ ಕಾಲ ಬಂತೇನೋ ಎಂದರು. ಹೊಸ ಡಬ್ಬಿ ಯಜಮಾನರೇ ಶೇಡ್ ಕಾರ್ಡ್ ಇಟ್ಟುಕೊಂಡು ಬೆರೆಸಿದರು.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಎರಡು ಪೆಟ್ಟಿಗೆಯಷ್ಟು ತಿಂದೆ. ದುಃಖವಾದಾಗ ಕುಂಬಳಕಾಯಿ ಒಳ್ಳೆಯದು. ಇವಳು ಇತ್ತೀಚೆಗೆ ಕುರ್ಚಿಯನ್ನು ಬಾಗಿಲ ಒಳಗೇ ಹಾಕಿಕೊಳ್ಳುತ್ತಾಳೆ. ಕರವಸ್ತ್ರ ಕೈಯಲ್ಲಿ ಇರುತ್ತದೆ, ಮೂಗಿನ ಮೇಲೆ ಇರುವುದಿಲ್ಲ. ಮರೆತಿರಬೇಕು.

ಜೂನ್ 2

ಎರಡನೇ ಸಲ ರಕ್ತ ಕೊಟ್ಟು ಬಂದೆವು. ಬಾಟಲಿ ಮೇಡಂ ರಜೆಯಂತೆ, ಬೇರೊಬ್ಬರು ತೆಗೆದುಕೊಂಡರು. ನಾನು ಕೈ ಜೇಬಿನಲ್ಲೇ ಇಟ್ಟುಕೊಂಡು, ಬೇಕಾದಷ್ಟು ತೋಳು ಮಾತ್ರ ಹೊರಗೆ ಕೊಟ್ಟೆ. ಬಣ್ಣದವನ ಕೈ ಎಂದು ಯಾರಾದರೂ ಮೂಗು ಮುರಿದರೆ ಸಹಿಸುವ ಸ್ಥಿತಿಯಲ್ಲಿ ನಾನಿಲ್ಲ.

ಜೂನ್ 10

ಅತ್ತೆ ತಮ್ಮ ಮಗಳನ್ನು ನೋಡಲು ಬಂದರು, ಬಂದವರು ನನ್ನನ್ನು ನೋಡಿ ಕಂಗಾಲಾದರು. ಕಾಮಾಲೆ ಎಂದು ತೀರ್ಮಾನಿಸಿ, ಗಲ್ಲ ಹಿಡಿದೆತ್ತಿ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಕಣ್ಣು ಮಾತ್ರ ಬೆಳ್ಳಗಿತ್ತು. ಅದರಿಂದ ಅವರಿಗೆ ಇನ್ನೂ ಚಿಂತೆಯಾಯಿತು. ಇದು ಯಾವ ಹೊಸ ರೋಗವೋ ಎಂದರು. ಸ್ಟೇನರ್ ಅತ್ತೆ, ಸ್ಟೇನರ್ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂಗಿನ ಸುತ್ತ ಹಳದಿ ಹೇಗೆ ಬಂತು ಅಳಿಯಂದ್ರೇ, ಮೂಗಿನಲ್ಲೂ ಬಣ್ಣ ಬೆರೆಸ್ತೀರಾ ಎಂದು ಕೇಳಿದರು. ನಾನು ಟವೆಲಿನಿಂದ ಮೂಗು ತಿಕ್ಕಿಕೊಂಡೆ.

ಇವಳು ಆ ಕಡೆ ತಿರುಗಿ ಕಿಟಕಿ ಒರೆಸುತ್ತಿದ್ದಳು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೇನೋ ಎಂದು ನನಗೆ ಸಂಕಟವಾಯಿತು.

ಜೂನ್ 14

ಬಾಟಲಿ ಮೇಡಂ ಫೋನ್. ಸೋಮವಾರ ಇಬ್ಬರೂ ಬನ್ನಿ, ರಕ್ತದ ಫಲಿತಾಂಶದಲ್ಲಿ ಮಾತಾಡುವಂಥದ್ದಿದೆ ಎಂದರು. ಏನು ಎಂದು ಕೇಳಿದರೆ ಎದುರಿಗೇ ಹೇಳ್ತೀನಿ ಎಂದರು.

ಮಗುವಿಗೆ ಸೇರಬೇಕಾದ್ದನ್ನೆಲ್ಲ ನಾನು ತಿಂದುಹಾಕಿದೆ. ಆವತ್ತೇ ಬಾಯಿ ಬಿಟ್ಟು ಹೇಳಿದ್ದರೆ ಅವರು ಬೇರೆ ದಾರಿ ತೋರಿಸುತ್ತಿದ್ದರು, ಮಾತ್ರೆಯನ್ನೋ ಮತ್ತೊಂದನ್ನೋ ಕೊಡುತ್ತಿದ್ದರು. ಖಾಲಿ ಮೇಡಂ, ಖಾಲಿ ಮೇಡಂ ಎಂದು ಜಾಣತನ ತೋರಿಸಿದೆನಲ್ಲ. ಮಗುವಿಗೆ ಏನಾದರೂ ಆಗಿದ್ದರೆ?

ಇವತ್ತಿನ ಪೆಟ್ಟಿಗೆ ತೆಗೆಯಲೇ ಇಲ್ಲ.

ಜೂನ್ 15

ಊಟ ಸೇರಲಿಲ್ಲ. ಇವಳಿಗೆ ಕಾರಣ ಹೇಳಲಿಲ್ಲ. ಹೊಟ್ಟೆಯಲ್ಲಿ ಮಗು ಒದೆಯುತ್ತಿದೆ, ಕೈ ಇಡಿ ಎಂದಳು. ಈ ಹಳದಿ ಕೈ ಇಡಲು ಮನಸ್ಸಾಗಲಿಲ್ಲ, ಅವಳೇ ಎಳೆದು ಇಟ್ಟುಕೊಂಡಳು. ಒದೆಯಿತು. ಜೋರಾಗಿಯೇ ಒದೆಯಿತು.

ಜೂನ್ 17

ಹೋಗಿ ಬಂದೆವು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬಾಟಲಿ ಮೇಡಂ ಎರಡು ಹಾಳೆ ಮೇಜಿನ ಮೇಲೆ ಇಟ್ಟರು. ಅವರು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತು, ಇವಳದ್ದೇನೂ ತಪ್ಪಿಲ್ಲ, ಇವಳು ಒಂದು ಕ್ಯಾರೆಟ್ಟನ್ನೂ ಮುಟ್ಟಿಲ್ಲ, ಪೆಟ್ಟಿಗೆಯೆಲ್ಲ ತಿಂದವನು ನಾನು, ಬೈಯುವುದಾದರೆ ನನಗೆ ಬೈಯಿರಿ, ಮಗುವಿಗೆ ಏನು ಮಾಡಬೇಕೋ ಈಗಲಾದರೂ ಮಾಡಿ ಎಂದು ಒಂದೇ ಉಸಿರಿಗೆ ಒದರಿಬಿಟ್ಟೆ.

ಮೇಡಂ ಇವಳ ಮುಖ ನೋಡಿದರು, ಇವಳು ಮೇಡಂ ಮುಖ ನೋಡಿದಳು. ಆಮೇಲೆ ಮೇಡಂ ನನ್ನ ಕೈಯನ್ನು ಬೆಳಕಿಗೆ ಹಿಡಿದು, "ಅಬ್ಬ, ಈಗ ಗೊತ್ತಾಯ್ತು" ಎಂದರು.

ವಿಷಯ ಇಷ್ಟು. ಪೆಟ್ಟಿಗೆ ತನ್ನಿಂದ ತಿನ್ನಲಾಗುವುದಿಲ್ಲ ಎಂದು ಇವಳು ಮೊದಲ ವಾರವೇ ಮೇಡಂಗೆ ಹೇಳಿದ್ದಳಂತೆ. ಮೇಡಂ ಅದನ್ನು ಬರೆದುಕೊಂಡು, ಸೇರಿದ್ದನ್ನು ತಿನ್ನು, ಪೆಟ್ಟಿಗೆ ಯಾರಿಗಾದರೂ ಕೊಡು ಎಂದಿದ್ದರಂತೆ. ಹಾಗಾದರೆ ನನಗೇಕೆ ಫೋನ್ ಮಾಡಿ ಕೇಳಿದಿರಿ ಎಂದೆ. ಎಲ್ಲ ಗಂಡಂದಿರಿಗೂ ಒಂದು ಸಲ ಫೋನ್ ಮಾಡಿದ್ದರಂತೆ. ನನ್ನ ಉತ್ತರ ಕೇಳಿ, ಅಕ್ಕಪಕ್ಕದವರಿಗೆ ಕೊಡುತ್ತಿದ್ದಾರೆ ಎಂದುಕೊಂಡು ಸುಮ್ಮನಾದರಂತೆ.

ನನಗೆ ಸಮಾಧಾನ ಆಗಲಿಲ್ಲ. ಹಾಳೆಯಲ್ಲಿ ಇವಳ ವಿಟಮಿನ್ ಸಿ ಚುಕ್ಕೆ, ಎಲ್ಲರಿಗೂ ಹಾಕಿದ ಗೆರೆಗಿಂತ ಕೆಳಗಿತ್ತು. ನನ್ನದು ಎಷ್ಟೋ ಮೇಲಿತ್ತು. ಬೆರಳಿಟ್ಟು ತೋರಿಸಿದೆ. ಅದಕ್ಕೆ ಮೇಡಂ ಹೇಳಿದ್ದು: ಬಸುರಿಯಲ್ಲಿ ರಕ್ತದ ನೀರಿನ ಭಾಗ ತುಂಬ ಹೆಚ್ಚುತ್ತದೆ, ಜೊತೆಗೆ ಮಗುವೂ ಒಂದಿಷ್ಟು ತೆಗೆದುಕೊಳ್ಳುತ್ತದೆ. ಹಾಗಾಗಿ ಅಳೆದಾಗ ಸಿ, ಎ ಎರಡೂ ಕಡಿಮೆ ಕಾಣುವುದು ಸಹಜ.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಒಂದು ಲೀಟರ್ ಡಬ್ಬಿಗೆ ಹಾಕುವ ಸ್ಟೇನರನ್ನು ಒಂದೂವರೆ ಲೀಟರಿಗೆ ಹಾಕಿದರೆ ಬಣ್ಣ ತೆಳುವಾಗಿ ಕಾಣುತ್ತದೆ. ಸ್ಟೇನರ್ ಎಲ್ಲೂ ಓಡಿಹೋಗಿರುವುದಿಲ್ಲ, ಡಬ್ಬಿ ದೊಡ್ಡದಾಗಿದೆ, ಅಷ್ಟೆ. ಹಾಗೆಂದೆ. ಮೇಡಂ ಹೌದೆಂದರು. ವಿಟಮಿನ್ ಇ ಮಾತ್ರ ಮೇಲೇರಿತ್ತು. ಅದು ರಕ್ತದ ಕೊಬ್ಬಿನ ಜೊತೆ ಓಡಾಡುವಂಥದ್ದು, ಬಸುರಿಯಲ್ಲಿ ಕೊಬ್ಬು ಏರಿದ ಹಾಗೆ ಅದೂ ಏರುತ್ತದೆಯಂತೆ. ಅದಕ್ಕೇ ಗಂಡಸಿಗೆ ಹಾಕಿದ ಗೆರೆಯಿಂದ ಬಸುರಿಯನ್ನು ಅಳೆಯಬಾರದು, ಬಸುರಿಯರಿಗೆ ಬೇರೆ ಗೆರೆ ಬೇಕು, ಅವರ ಕೆಲಸವೇ ಅದು ಎಂದರು. ಆರನೇ ತಿಂಗಳಿಗೆ ಇವಳ ಲೆಕ್ಕ ಹೇಗಿರಬೇಕೋ ಹಾಗೇ ಇದೆ, ಮಗು ಚೆನ್ನಾಗಿದೆ ಎಂದೂ ಹೇಳಿದರು. ನಾನು ಕುರ್ಚಿ ಎಳೆದುಕೊಂಡು ಕೂತೆ.

ಹಾಗಾದರೆ ಕರೆಸಿದ್ದು ಯಾಕೆ ಎಂದು ಕೇಳಿದೆ. ನಿಮಗಾಗಿ ಎಂದರು. ನನ್ನ ಕ್ಯಾರೊಟಿನ್ ಚುಕ್ಕೆ ಹಾಳೆಯಲ್ಲೇ ಇರಲಿಲ್ಲ. ಹಾಳೆಯ ಅಂಚಿನಾಚೆ, ಮೇಜಿನ ಮೇಲೆ ಪೆನ್ನಿನಿಂದ ತೋರಿಸಿದರು, ಇಲ್ಲೆಲ್ಲೋ ಬರುತ್ತದೆ ಎಂದು. ಕ್ಯಾರೆಟ್, ಕುಂಬಳಕಾಯಿ ಅತಿಯಾದರೆ ಚರ್ಮದಲ್ಲಿ ಹಳದಿ ಕೂರುತ್ತದೆಯಂತೆ, ಕಣ್ಣು ಮಾತ್ರ ಬಿಳಿಯಾಗೇ ಇರುತ್ತದೆಯಂತೆ. ಕಾಮಾಲೆ ಅಲ್ಲ, ಅಪಾಯ ಇಲ್ಲ, ತಿನ್ನುವುದು ನಿಲ್ಲಿಸಿದರೆ ಒಂದೆರಡು ತಿಂಗಳಲ್ಲಿ ಮಾಸುತ್ತದೆ. ಆದರೆ ನನ್ನನ್ನು ಲೆಕ್ಕದಿಂದ ಕೈಬಿಡಲೇಬೇಕು.

"ಆರೋಗ್ಯವಂತ ವಯಸ್ಕರ ಗುಂಪಲ್ಲಿ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ, ಬೇಜಾರು ಮಾಡ್ಕೋಬೇಡಿ" ಎಂದರು.

ಬೇಜಾರಾಯಿತು. ಸುಳ್ಳೇಕೆ ಹೇಳಲಿ.

ಬರುವಾಗ ದಾರಿಯಲ್ಲಿ ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ನಾನು ಕೇಳಿದೆ, ಪೆಟ್ಟಿಗೆ ಮುಟ್ಟದೆ ನೀನು ಇಷ್ಟು ದಿನ ತಿಂದದ್ದು ಏನನ್ನು ಎಂದು. ಹೊಲಿಗೆ ಅಂಗಡಿಯ ಆರು ಜನವೂ ದಿನಾ ಏನಾದರೊಂದು ತಂದು ಸೇರಿದಷ್ಟು ತಿನ್ನಿಸುತ್ತಿದ್ದರಂತೆ, ಕಿತ್ತಳೆ, ಸೊಪ್ಪು, ಎಲ್ಲ. ವಾಂತಿ ಮೇ ತಿಂಗಳಲ್ಲೇ ನಿಂತಿತ್ತಂತೆ.

ನನಗೆ ಸಿಟ್ಟು ನೆತ್ತಿಗೇರಿತು. ನಿಂತಿದ್ದರೆ ಹೇಳಬಾರದಿತ್ತೇ, ನಾನೊಬ್ಬ ಬೆಪ್ಪುತಕ್ಕಡಿ ಬಾಗಿಲು ಹಾಕಿಕೊಂಡು ಮೇಯುತ್ತಿದ್ದೆನಲ್ಲ ಎಂದೆ. ಇವಳು ನನ್ನ ಕಡೆ ತಿರುಗಿದಳು.

"ಮದುವೆಯಾಗಿ ನಾಲ್ಕು ವರ್ಷ ಆಯ್ತು ರೀ" ಎಂದಳು. "ನೀವು ಅಂಗಡಿಯಿಂದ ಬಂದವರು ನೆಟ್ಟಗೆ ಬಂದು ನನ್ನ ಹತ್ರ ಕೂತಿದ್ದು ಈ ಕ್ಯಾರೆಟ್ ಬಂದ್ಮೇಲೇನೇ. ವಾಂತಿ ನಿಂತಿದೆ ಅಂದ್ರೆ ಎದ್ದು ಹೋಗಿಬಿಡ್ತೀರಿ ಅಂದ್ಕೊಂಡೆ."

ರಸ್ತೆ ದಾಟುವಾಗ ಅವಳ ಕೈ ಹಿಡಿದುಕೊಂಡೆ, ದಾಟಿದ ಮೇಲೆ ಬಿಡಲು ಮರೆತೆ.

ಜೂನ್ 18

ಇವತ್ತು ಪೆಟ್ಟಿಗೆ ಬರಲಿಲ್ಲ. ಸಂಜೆ ಅಡುಗೆಮನೆಗೆ ಹೋಗಿ ಕೂತೆ. ಇವಳು ಒಲೆಯ ಪಕ್ಕ ಕುರ್ಚಿ ಹಾಕಿಕೊಂಡಳು. ತಿನ್ನಲು ಏನೂ ಇರಲಿಲ್ಲ, ಬಟಾಣಿ ಬಿಡಿಸಿದೆವು.

ಜೂನ್ 23, ಭಾನುವಾರ

ಬೆಳಗ್ಗೆ ಎದ್ದವಳೇ ಇವಳು, ಮಗುವಿನ ಕೋಣೆಗೆ ಬಣ್ಣ ಸಿಕ್ಕಿತು ಎಂದಳು. ಶೇಡ್ ಕಾರ್ಡ್ ತಂದೆ. ಅದನ್ನು ಪಕ್ಕಕ್ಕೆ ಸರಿಸಿ, ನನ್ನ ಎಡಗೈ ಎಳೆದು ಮೇಜಿನ ಮೇಲೆ ಅಂಗಾತ ಇಟ್ಟಳು.

"ಇದು. ಮಾಸಿಹೋಗೋದರೊಳಗೆ ಬೆರೆಸಿ."

ತಲೆ ಕೆಟ್ಟಿದೆಯಾ ನಿನಗೆ ಎಂದೆ. ಈ ಬಣ್ಣ ನೋಡಿ ನಿಮ್ಮಮ್ಮ ಪ್ರಾಣ ಬಿಡುವುದರಲ್ಲಿದ್ದರು ಎಂದೆ. ಅವಳು ಬಗ್ಗಲಿಲ್ಲ. ಅಂಗಡಿಯಿಂದ ಬೇಸ್ ಎನ್ನುವ ಬರೀ ಬಿಳಿ ಬಣ್ಣ, ಸ್ಟೇನರ್ ತಂದು ಕೋಣೆಯ ನಡುವೆ ಬಕೆಟ್ ಇಟ್ಟುಕೊಂಡು ಕುಳಿತೆ. ಆಗ ಪೀಕಲಾಟ ಶುರುವಾಯಿತು. ಇಷ್ಟು ವರ್ಷ ಎಲ್ಲ ಬಣ್ಣವನ್ನೂ ಅಂಗೈಯಿಂದ ಅಳೆದವನು, ಈಗ ಅಂಗೈಯನ್ನೇ ಬೆರೆಸಬೇಕು. ಬೊಟ್ಟು ಹಚ್ಚಿ ನೋಡುತ್ತೇನೆ, ನೀಲಿ ಅನ್ನಿಸುತ್ತದೆ, ಮತ್ತೆ ನೋಡುತ್ತೇನೆ, ಕೆಂಪು ಅನ್ನಿಸುತ್ತದೆ. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಇಲ್ಲ. ಕೊನೆಗೆ, ನೀನೇ ನೋಡಿ ಹೇಳು ಮಾರಾಯ್ತಿ ಎಂದು ಕೈ ಅವಳಿಗೆ ಒಪ್ಪಿಸಿದೆ. ಬಣ್ಣದ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳಿದ್ದು ಇದೇ ಮೊದಲು.

ಅವಳು ನನ್ನ ಕೈಯನ್ನು ಮಡಿಲಲ್ಲಿ, ಹೊಟ್ಟೆಗೆ ಆನಿಸಿ ಇಟ್ಟುಕೊಂಡಳು. ನಾನು ಬಲಗೈಯಲ್ಲಿ ತೊಟ್ಟು ತೊಟ್ಟಾಗಿ ಹಾಕುತ್ತ ಹೋದೆ. ಇನ್ನೊಂಚೂರು ಎಂದಳು. ಹಾಕಿದೆ. ಇನ್ನೊಂಚೂರು. ಒಳಗಿನಿಂದ ಒಂದು ಒದೆ ಕೈಗೆ ಬಿತ್ತು. ಸಾಕಂತೆ, ಇದೇ ಅಂತೆ ಎಂದಳು.

ಸಂಜೆಯೊಳಗೆ ಒಂದು ಗೋಡೆ ಮುಗಿಸಿದೆ. ಕಿಟಕಿಯ ಬಿಸಿಲು ಬಿದ್ದಾಗ ಇಡೀ ಕೋಣೆ ಬೆಚ್ಚಗೆ ಕಂಡಿತು. ಇಂಥ ಬಣ್ಣ ಯಾವ ಕಾರ್ಡಿನಲ್ಲೂ ಇಲ್ಲ, ಯಜಮಾನರು ಯಾವ ಯಂತ್ರ ತರಿಸಿದರೂ ಬರುವುದಿಲ್ಲ. ಉಳಿದ ಬಣ್ಣವನ್ನು ಡಬ್ಬಿಗೆ ಸುರಿದು ಮುಚ್ಚಳ ಬಡಿದೆ. ಬ್ರಷ್ ತೆಗೆದುಕೊಂಡು, ಏನು ಹೆಸರಿಡೋಣ ಎಂದು ಇವಳನ್ನು ಕೇಳಿದೆ.

ಅವಳು ಹೇಳಿದ್ದನ್ನೇ ಮುಚ್ಚಳದ ಮೇಲೆ ದೊಡ್ಡದಾಗಿ ಬರೆದೆ: ಆರೋಗ್ಯವಂತ ವಯಸ್ಕ.